ಲಕ್ಕಿ ಸೊಪ್ಪಿನ ಹಬೆ

"ಅದನ್ನೂ ತೆಗೆದಿಡಿ," ಎಂದರು ದಿಗಂಬರ ವೈದ್ಯರು, ಸಿದ್ರಾಮಪ್ಪನ ಎದೆಯ ಕಡೆ ಬೆರಳು ಮಾಡಿ.

ಸಿದ್ರಾಮಪ್ಪನ ಬಲಗೈ ತಾನಾಗಿ ಎದ್ದು ಎದೆಯನ್ನು ಮುಚ್ಚಿಕೊಂಡಿತು. ಅಂಗಿ ಕಳಚಿದ್ದ. ರುಮಾಲು ಗೂಟದ ಮೇಲಿತ್ತು. ಬೆರಳಿನ ಉಂಗುರ, ಸೊಂಟದ ಬೆಳ್ಳಿ ಉಡದಾರ, ಕಿವಿಯ ಒಂಟಿ ಎಲ್ಲವನ್ನೂ ಬಿಚ್ಚಿ ಗೆಳೆಯ ಗೂಳಪ್ಪನ ಮಡಿಲಿಗೆ ಹಾಕಿದ್ದ. ಮೈಮೇಲೆ ಉಳಿದದ್ದು ಒಂದು ತುಂಡು ಪಂಚೆ, ಮತ್ತು ಶಿವದಾರದಲ್ಲಿ ಎದೆಯ ನಡುವೆ ತೂಗುತ್ತಿದ್ದ ಬೆಳ್ಳಿಯ ಕರಡಿಗೆ. ಅದರೊಳಗೆ ಅವನ ಇಷ್ಟಲಿಂಗ. ತೊಟ್ಟಿಲಲ್ಲಿದ್ದಾಗ ಕಟ್ಟಿದ್ದು. ಬೆಳಿಗ್ಗೆ ಪೂಜೆಗೆಂದು ಅಂಗೈಗೆ ಬರುತ್ತಿತ್ತು, ಪೂಜೆ ಮುಗಿದರೆ ಎದೆಗೆ ಹೋಗುತ್ತಿತ್ತು. ಮೈಯಿಂದ ಅದನ್ನು ಅವನು ಎಂದೂ ಬಿಚ್ಚಿಟ್ಟವನಲ್ಲ.

"ಇದು ಒಡವೆ ಅಲ್ಲ, ವೈದ್ಯರೇ," ಎಂದ ಮರಾಠಿಯಲ್ಲಿ.

"ಅದೇನೆಂದು ನನಗೆ ಗೊತ್ತು. ಬೆಳ್ಳಿಗೆ ಗೊತ್ತಿಲ್ಲವಲ್ಲ! ಹಬೆ ತಾಗಿದರೆ ಅದು ಉಳಿದ ಬೆಳ್ಳಿಯ ಹಾಗೇ ಕಾಯುತ್ತದೆ." ವೈದ್ಯರು ಗೋಡೆಯ ಗೂಡಿನತ್ತ ಕೈ ತೋರಿಸಿದರು. ಅಲ್ಲೊಂದು ಪುಟ್ಟ ಗಣಪತಿ ಕೆಂಪು ದಾಸವಾಳ ಮುಡಿದು ಕೂತಿದ್ದ. "ಅವನ ಪಕ್ಕದಲ್ಲಿಡಿ. ತಂದೆಯನ್ನು ಮಗ ನೋಡಿಕೊಳ್ಳುತ್ತಾನೆ."

ಗೂಳಪ್ಪ ಹೊಟ್ಟೆ ಅಲುಗಿಸಿ ನಕ್ಕ. ಸಿದ್ರಾಮಪ್ಪ ನಗಲಿಲ್ಲ. ಅಷ್ಟರಲ್ಲಿ ಮುಂದಿನ ಪಡಸಾಲೆಯಿಂದ ಯಾರೋ ಕೂಗಿದರು. ವೈದ್ಯರು "ಆಲೋ, ಬಂದೆ ಬಂದೆ" ಎನ್ನುತ್ತ ಉತ್ತರೀಯ ಸರಿಪಡಿಸಿಕೊಂಡು ಹೊರಟುಹೋದರು.

ಆ ಮರಾಠಿ ಶಹರದ ಸದಾಶಿವ ಪೇಟೆಯಲ್ಲಿ, ವೈದ್ಯರ ಹಳೆಯ ವಾಡೆಯ ಹಿತ್ತಲಲ್ಲಿ, ತಗಡಿನ ಚಪ್ಪರದ ಕೆಳಗೆ, ಹಬೆಯ ಪೆಟ್ಟಿಗೆ ನಿಂತಿತ್ತು. ಸಾಗವಾನಿ ಹಲಗೆಯದು. ಒಳಗೆ ಕೂಡಲು ಮಣೆ, ಮುಂದೆ ಎರಡು ಕದ, ಮೇಲೆ ಎರಡು ಹೋಳಿನ ಮುಚ್ಚಳ. ಹೋಳುಗಳು ಕೂಡಿದರೆ ನಡುವೆ ಕುತ್ತಿಗೆ ಹಿಡಿಸುವಷ್ಟು ದುಂಡನೆಯ ಕಿಂಡಿ. ಮಗ್ಗುಲಿನ ಒಲೆಯ ಮೇಲೆ ತಾಮ್ರದ ಹಂಡೆ ಕುದಿಯುತ್ತಿತ್ತು. ಅದರ ಬಾಯಿಂದ ಹೊರಟ ಕೊಳವೆ ಪೆಟ್ಟಿಗೆಯ ಹೊಟ್ಟೆಗೆ ಸೇರಿತ್ತು. ವಾತದವರು, ಸೊಂಟ ಹಿಡಿದವರು, ಬಿದ್ದು ಕೀಲು ಸರಿದವರು ದೂರದ ಪೇಟೆಗಳಿಂದ ಬಂದು ಅದರಲ್ಲಿ ಕೂತು ಬೆವರಿ ಹೋಗುತ್ತಿದ್ದರು.

ಭವಾನಿ ಪೇಟೆಯಿಂದ ಟಾಂಗಾದಲ್ಲಿ ಬರುವಾಗ ದಾರಿಯುದ್ದಕ್ಕೂ ಗೂಳಪ್ಪನ ಪಾಠ ನಡೆದಿತ್ತು. ಅವನದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ, ಸಿದ್ರಾಮಪ್ಪನ ಬೆಲ್ಲದ ಅಡತಿಯ ಗೋಡೆಗೆ ಗೋಡೆ. ಹಿಂದಿನ ಮಳೆಗಾಲದಲ್ಲಿ ಅವನ ಮೊಣಕಾಲಿನ ನೋವು ಇದೇ ಪೆಟ್ಟಿಗೆಯಲ್ಲಿ ಹೋಗಿತ್ತು. ಅಂದಿನಿಂದ ಅವನು ಹಬೆಯ ಪಂಡಿತ.

"ಹೊಟ್ಟಿ ತುಂಬ ಉಂಡು ಕೂಡಬಾರದು, ಖಾಲಿ ಹೊಟ್ಟೀಲೆನೂ ಕೂಡಬಾರದು. ಗಂಜಿ ಕುಡದಿಯಿಲ್ಲೋ? ಛಲೋ ಆತು. ಒಳಗ ಕುಂತಮ್ಯಾಲೆ ಮೈ ಬಿಗಿ ಹಿಡೀಬ್ಯಾಡ, ಸಡ್ಲ ಬಿಡು. ಬಾಯಿ ಮುಚ್ಚಿ ಮೂಗಿಲೆ ಉಸರಾಡು. ಮತ್ತ ಮೊದಲನೇ ದಿನಾನ ಗಂಡಸ್ತನ ತೋರಸಾಕ ಹೋಗಬ್ಯಾಡ. ಸಾಕು ಅನಿಸ್ತಂದ್ರ ಸಾಕು ಅನ್ನು. ಹೊರಗ ಬಂದ ಕೂಡ್ಲೆ ಗಾಳಿಗೆ ನಿಂತಿ ಅಂದ್ರ, ಬ್ಯಾನಿ ಎಲುವಿನೊಳಗ ಹೊಕ್ಕೊಂಡು ಒಳಗಿಂದ ಕದಾ ಹಾಕ್ಕೋತದ."

"ನೀ ಹೇಳೂದ್ರೊಳಗ ನನಗೀಗನ ಬೆವರ ಬಂತು."

"ಖಡಕಿ ಛಾವಣ್ಯಾಗ ಗೋರಾ ಸಾಹೇಬ್ರು ಇಂಥಾದ್ರಾಗ ಬರಿಮೈಲೆ ಕೂಡ್ತಾರಂತ. ನಿನಗ ಪಂಚೆ ಉಡಸ್ತಾರ, ಪುಣ್ಯಾ ಮಾಡೀದಿ."

ಈಗ ಚಪ್ಪರದ ಕೆಳಗೆ ಅದೇ ಗೂಳಪ್ಪ ಕಣ್ಣರಳಿಸಿ ನೋಡುತ್ತಿದ್ದ. ಸಿದ್ರಾಮಪ್ಪ ಬಕೆಟ್ಟಿನ ತಣ್ಣೀರಿನಲ್ಲಿ ಒಂದು ಅರಿವೆ ಅದ್ದಿ, ಹಿಂಡಿ, ಕರಡಿಗೆಯ ಸುತ್ತ ಬಿಗಿಯಾಗಿ ಸುತ್ತಿದ. ಅದನ್ನು ಎದೆಗೊತ್ತಿಕೊಂಡು ಪೆಟ್ಟಿಗೆಯೊಳಗೆ ಹಿಂದಕ್ಕೆ ಹಿಂದಕ್ಕೆ ಸರಿದು ಮಣೆಯ ಮೇಲೆ ಕೂತ.

"ಲೇ ಸಿದ್ರಾಮ, ಅವರು ಬ್ಯಾಡ ಅಂದಾರಲ್ಲೋ!"

"ನೀ ಬಾಯಿ ಮುಚ್ಚು, ಮೂಗಿಲೆ ಉಸರಾಡು."

ಒಲೆಯ ಬಳಿ ಕೂತಿದ್ದ ಗಂಗೂಬಾಯಿ ಎದ್ದು ಬಂದಳು. ಸೊಪ್ಪು ತರುವುದು, ಬೆಂಕಿ ನೋಡುವುದು ಅವಳ ಕೆಲಸ. ಒಳಗಿದ್ದವರ ಮೈಯನ್ನು ನೋಡದ ಹಾಗೆ ಮುಖ ಅತ್ತ ತಿರುಗಿಸಿ ಕದ ಮುಚ್ಚಿದಳು, ಮುಚ್ಚಳದ ಹೋಳುಗಳನ್ನು ಕೂಡಿಸಿದಳು. ಸಿದ್ರಾಮಪ್ಪನ ತಲೆಯೊಂದು ಮಾತ್ರ, ಅಂಗಡಿಯ ಹಲಗೆಯ ಮೇಲಿಟ್ಟ ಬೆಲ್ಲದ ಪೆಂಟೆಯಂತೆ, ಮೇಲೆ ಉಳಿಯಿತು.

ಹಬೆ ಮೊದಲು ಪಾದಕ್ಕೆ ಬಂತು. ಮೊಣಕಾಲಿಗೆ ಏರಿತು. ಹೆದರಿಕೆಗೆ ಅವನ ಮೈ ಬಿಗಿಯಾಗಿತ್ತು; ಬಿಗಿಯಾದಷ್ಟೂ ಕಾವು ಚುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಎಡಭುಜದ ಹಿಂದೆ ಏನೋ ಕರಗಿದ ಹಾಗಾಯಿತು. ಚಳಿಗಾಲದಿಂದ ಗಂಟು ಬಿದ್ದ ಹಗ್ಗದ ಒಂದು ಎಳೆ ಸಡಿಲಾದ ಹಾಗೆ. 'ಶಿವನೇ' ಎಂದುಕೊಂಡ. ಅದೇ ಹೊತ್ತಿಗೆ ಎದೆಯ ಮೇಲಿನ ಅರಿವೆ ಕಾದು ಕರಡಿಗೆ ಸುಡತೊಡಗಿತು. ಸಾಕು ಎನ್ನಬಹುದಿತ್ತು. ಆದರೆ ತೋಳು ಬಿಡಿಸಿಕೊಳ್ಳುತ್ತಿದೆ. ಇನ್ನೊಂದು ಎಳೆ ಬಿಡಲಿ, ಇನ್ನೊಂದು ಬಿಡಲಿ ಎಂದು ಹಲ್ಲು ಕಚ್ಚಿದ. ಹಣೆಯ ಬೆವರು ಕಣ್ಣಿಗಿಳಿದು ಗಣಪತಿ ಎರಡಾಗಿ ಕಂಡ.

ಹೊರಗೆ ಬಂದಾಗ ಎಡಗೈ ಭುಜದ ಮಟ್ಟಕ್ಕೆ ಎದ್ದಿತು. ಗೂಳಪ್ಪ "ಹೋ!" ಎಂದ. ಸಿದ್ರಾಮಪ್ಪ ಬೆನ್ನು ತಿರುಗಿಸಿ ನಿಂತು ಅಂಗಿ ತೊಟ್ಟುಕೊಂಡ. ಎದೆಯ ನಡುವೆ, ಕರಡಿಗೆ ಕೂಡುವ ಜಾಗದಲ್ಲಿ, ದುಂಡಗೆ ಕೆಂಪಗೆ ಬೊಬ್ಬೆ ಎದ್ದಿತ್ತು.

*

ಸಿದ್ರಾಮಪ್ಪ ತನ್ನ ಎರಡು ಕೈಗಳಿಗೆ ಎರಡು ಕೆಲಸ ಹಂಚಿಕೊಟ್ಟಿದ್ದ. ಬಲಗೈ ಪೇಟೆಯದು. ಬೆಲ್ಲದ ದರ ಆ ಕಾಲದಲ್ಲಿ ಬಾಯಲ್ಲಿ ಆಗುತ್ತಿರಲಿಲ್ಲ. ರುಮಾಲಿನ ಕೆಳಗೆ ಕೈ ಕೈ ಕೂಡಿಸಿ, ಬೆರಳು ಹಿಡಿದು, ಒತ್ತಿ, ಬಿಟ್ಟು ಆಗುತ್ತಿತ್ತು. ಮುಖ ಮೇಲೆ ಹವಾಮಾನದ ಮಾತಾಡುತ್ತಿದ್ದರೆ ಕೆಳಗೆ ಬೆರಳುಗಳು ಜಗಳಾಡುತ್ತಿದ್ದವು. ಎಡಗೈ ಶಿವನದು. ಆ ಕೈ ರುಮಾಲಿನ ಕೆಳಗೆ ಎಂದೂ ಹೋಗಿರಲಿಲ್ಲ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಮಣೆಯ ಮೇಲೆ ಕೂತಾಗ ಎಡ ಅಂಗೈ ಎದೆಯೆತ್ತರಕ್ಕೆ ಏಳುತ್ತಿತ್ತು. ಅದರ ಮೇಲೆ ಲಿಂಗ, ಲಿಂಗದ ಮೇಲೆ ನೋಟ.

ಆ ಚಳಿಗಾಲದಲ್ಲಿ ಎಡಭುಜ ಹಿಡಿದುಕೊಂಡಿತು. ಯಾವ ಏಟೂ ಇಲ್ಲ, ಯಾವ ಭಾರ ಎತ್ತಿದ್ದೂ ಇಲ್ಲ. ಬೀಗ ಜಂಗು ಹಿಡಿದ ಹಾಗೆ ಹಿಡಿಯಿತು. ಮೊಣಕೈ ನಡುಗುತ್ತಿತ್ತು, ಅಂಗೈ ಓರೆಯಾಗುತ್ತಿತ್ತು. ಶಿವರಾತ್ರಿ ಕಳೆದ ಒಂದು ಬೆಳಿಗ್ಗೆ ನೀರೆರೆಯುತ್ತಿದ್ದಾಗ ಲಿಂಗ ಅಂಗೈಯಿಂದ ಉರುಳಿತು. ಎದುರಿಗೆ ಪತ್ರಿ ಬಿಡಿಸುತ್ತಿದ್ದ ಹೆಂಡತಿ ಶಿವಬಸವ್ವ ಹೇಗೆ ಬಾಗಿದಳೋ, ಹೇಗೆ ಸೆರಗೊಡ್ಡಿದಳೋ, ಅವಳಿಗೇ ಗೊತ್ತಿರಲಿಲ್ಲ. ಲಿಂಗ ನೆಲಕ್ಕೆ ತಾಗಲಿಲ್ಲ. ಆದರೆ ಆ ದಿನ ಇಬ್ಬರೂ ಉಣ್ಣಲಿಲ್ಲ.

ಅಂದಿನಿಂದ ಅವಳು ದಿನವೂ ಎದುರಿಗೆ ಕೂತು ತನ್ನ ಬಲ ಅಂಗೈಯನ್ನು ಅವನ ಎಡ ಅಂಗೈಯ ಕೆಳಗೆ ಕೊಟ್ಟು ಹಿಡಿಯುತ್ತಿದ್ದಳು. ಅವನ ಪೂಜೆ ಮುಗಿಯುವ ತನಕ ಅವಳ ಪೂಜೆ ಕಾಯುತ್ತಿತ್ತು. ಅವಳ ಕೊರಳಲ್ಲೂ ಲಿಂಗವಿತ್ತಲ್ಲ. ಒಲೆ ತಡವಾಗುತ್ತಿತ್ತು. ಅವಳು ಒಂದು ದಿನವೂ ಅದರ ಮಾತೆತ್ತಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ತನ್ನ ದೇವರನ್ನು ತಾನು ಹಿಡಿಯಲಾರದವನು ಯಾವ ಭಕ್ತ? "ಶ್ರಾವಣ ಬರೂದ್ರೊಳಗ ಈ ಕೈ ನೆಟ್ಟಗಾಗಬೇಕು," ಎನ್ನುತ್ತಿದ್ದ. "ಆಗ್ತದ ಬಿಡ್ರಿ," ಎನ್ನುತ್ತಿದ್ದಳು.

ಹಬೆ ಕೂತು ಬಂದ ಮರುದಿನ ಬೆಳಿಗ್ಗೆ ಮಣೆಯ ಮೇಲೆ ಕೂತು ಕರಡಿಗೆ ತೆರೆದ. ಲಿಂಗಕ್ಕೆ ಸುತ್ತಿದ್ದ ಬಿಳಿ ವಸ್ತ್ರ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದ. ಲಿಂಗದ ಮೇಲೆ ಬಳಿದ ಕಪ್ಪು ಲೇಪ, ಕಂಥೆ, ಕಾವಿಗೆ ಮೆತ್ತಗಾಗಿ, ಆಮೇಲೆ ಆರಿ ಗಟ್ಟಿಯಾಗಿ, ಒಂದು ಬದಿಗೆ ಬಟ್ಟೆಯ ನೇಯ್ಗೆ ಹಾಗೇ ಅಚ್ಚೊತ್ತಿತ್ತು. ಎಳೆ ಎಳೆಯೂ ಕಾಣುತ್ತಿತ್ತು.

ಶಿವಬಸವ್ವ ಅದನ್ನು ನೋಡಿದಳು. ಆಮೇಲೆ ಅವನು ಹೊದ್ದ ಶಲ್ಯವನ್ನು ಎರಡು ಬೆರಳಲ್ಲಿ ಸರಿಸಿ ಎದೆಯನ್ನೂ ನೋಡಿದಳು.

"ಇದೇನ್ರಿ ಇದು?"

"ಏನಿಲ್ಲ. ಕಾವು ತಾಗೇದ."

"ಕಾವು ತಾಗೇದಂತ! ಎದೀ ಬೆಂದೈತೆಂದ್ರ ನನಗ ಹೇಳಬಾರದಾ? ಗೂಳಪ್ಪಣ್ಣ ನಿನ್ನೆ ಹೊಸ್ತಲದಾಗ ನಿಂತು, 'ವೈನೀ, ಕೈ ಎತ್ತಿದಾ, ಪೆಢೆ ಹಂಚ್ರಿ' ಅಂದು ಹೋದಾ. ನಾ ಹಂಚಿದ್ನಿ!"

"ವೈದ್ಯರು ತಗದಿಡು ಅಂದ್ರು. ಹೆಂಗ ತಗೀಲಿ?"

"ಬೆಳ್ಳಿ ಬಿಟ್ಟು ಬರೇ ಅರಿವ್ಯಾಗ ಕಟಿಗೊಂಡ್ರ?"

"ಕಂಥೆ ನೋಡಿದೆಲ್ಲ. ಬೆಳ್ಳಿಯೊಳಗ ಇದ್ದಾಗನ ಇಷ್ಟ ಆಗೇದ. ಬರೇ ಅರಿವ್ಯಾಗ ಇದ್ರ ಕರಗಿ ಹೋಗ್ತದ."

"ಹಂಗಾದ್ರ ನಾ ಬರ್ತೀನಿ. ನನ್ನ ಅಂಗೈಯಾಗ ಹಿಡಕೊಂಡು ಬಾಜೂಕ ಕೂಡ್ತೀನಿ."

ಸಿದ್ರಾಮಪ್ಪ ತಲೆ ಅಲ್ಲಾಡಿಸಿದ. "ಮೈ ಬಿಟ್ಟು ಒಂದು ಉಸರಿನಷ್ಟು ಹೊತ್ತೂ ಇರಬಾರದು ಅಂತಿದ್ಲು ಆಯಿ. ಅದೊಂದು ಮಾತು ನಾನಾಗಿ ಇಲ್ಲೀತನಾ ಮೀರಿಲ್ಲ. ಕೈ ಹೋದ್ರ ಹೋಗ್ಲಿ."

"ಕೈ ಹೋದ್ರ ಹೋಗ್ಲಿ ಅನ್ನಾಕ ಅದೇನು ನಿಮ್ಮೊಬ್ಬರ ಕೈ?" ಎಂದಳು ಅವಳು. ಅಷ್ಟು ಹೇಳಿ ತುಪ್ಪ ತರಲು ಒಳಗೆ ಹೋದಳು.

ಬೊಬ್ಬೆಗೆ ತುಪ್ಪ ಹಚ್ಚಿ, ಹಿಂದಿನ ದಿನದ ಪಂಚೆಯನ್ನು ಒಗೆಯಲು ಎತ್ತಿಕೊಂಡವಳು ಬಾಗಿಲಲ್ಲೇ ನಿಂತಳು. ಪಂಚೆಯನ್ನು ಮೂಗಿಗೆ ಹಿಡಿದಳು.

"ಹಂಡ್ಯಾಗ ಯಾವ ಸೊಪ್ಪು ಹಾಕಿದ್ರು?"

"ನಿರಗುಡಿ ಅಂದ್ರು. ಮರಾಠ್ಯಾಗ."

"ನಿರಗುಡೀನೂ ಅಲ್ಲ ಏನೂ ಅಲ್ಲ. ಇದು ಲಕ್ಕಿ ಸೊಪ್ಪು. ನಮ್ಮ ಹಳ್ಳದ ದಂಡೀಗೆ ಬೇಲಿ ಬೇಲಿ ತುಂಬಿರ್ತಿತ್ತು. ನೋಡ್ರಿ."

ಅವನೂ ಮೂಸಿದ. ಕಹಿ, ಹಸಿರು, ಸ್ವಲ್ಪ ಕರ್ಪೂರದ ಹಾಗೆ. ನಿನ್ನೆ ಹೆದರಿಕೆಯಲ್ಲಿ ಮೂಗಿಗೆ ಏನೂ ತಿಳಿದಿರಲಿಲ್ಲ. ಈಗ ಆ ವಾಸನೆ ಭವಾನಿ ಪೇಟೆಯ ಆ ಚಾಳಿನ ಕೋಣೆಯಿಂದ ಅವನನ್ನು ಎತ್ತಿಕೊಂಡು ಹೋಗಿ ಸಂಕೇಶ್ವರದ ಮಗ್ಗುಲಿನ ಹಳ್ಳಿಯಲ್ಲಿ ಇಳಿಸಿತು. ಹಿರಣ್ಯಕೇಶಿಯ ದಂಡೆ, ಕಬ್ಬಿನ ಗಾಣದ ಹೊಗೆ, ಹೊಳೆಯಿಂದ ಬರುವ ತಂಗಾಳಿ. ಮೈ ಮುರಿಯುವ ಜ್ವರ ಬಿಟ್ಟ ಮೇಲೆ ಕೈಕಾಲು ಮರಗಟ್ಟಿ ಮಲಗಿದ್ದ ತಾನು, ಇನ್ನೂ ಚಡ್ಡಿ ಹಾಕದ ವಯಸ್ಸಿನವನು. ಅಪ್ಪನ ತಾಯಿ, ಅವನ ಆಯಿ, ಬಸವಣ್ಣೆವ್ವ ಹೊರಸಿನ ಕೆಳಗೆ ಕುದಿಯುವ ಗಡಿಗೆ ಇಟ್ಟು, ಲಕ್ಕಿ ಸೊಪ್ಪು ತುಂಬಿ, ಅವನನ್ನು ಮೇಲೆ ಕೂಡಿಸಿ, ಕುತ್ತಿಗೆಯ ತನಕ ಕೌದಿ ಹೊದಿಸಿದ್ದಳು. "ಅಳಬ್ಯಾಡೋ ನಮ್ಮಪ್ಪ. ನಾ ವಚನಾ ಹೇಳ್ತೀನಿ. ವಚನಾ ಮುಗಿದ ಕೂಡ್ಲೆ ಕೌದಿ ತಗೀತೀನಿ." ಅವಳಿಗೆ ಗಡಿಯಾರ ಗೊತ್ತಿರಲಿಲ್ಲ. ಓದು ಬರುತ್ತಿರಲಿಲ್ಲ. ಅವಳ ಬಾಯಲ್ಲಿ ಸಾಲುಸಾಲು ವಚನಗಳಿದ್ದವು; ಹಾಲು ಕಾಯುವುದಕ್ಕೊಂದು, ರೊಟ್ಟಿ ಬೇಯುವುದಕ್ಕೊಂದು, ಹಬೆ ಕೂಡುವುದಕ್ಕೊಂದು. ಹಬೆಯದು ಉದ್ದ. ಅವಳು ಹೇಳುತ್ತಿದ್ದಳು, ಅವನು ಬೆವರುತ್ತಿದ್ದ.

ಕೌದಿ ನೆನಪಾಯಿತು. ಅದರ ಕೆಂಪು ಅಂಚು ನೆನಪಾಯಿತು. ಅಜ್ಜಿಯ ಹಲ್ಲಿಲ್ಲದ ಬಾಯಿ ನೆನಪಾಯಿತು.

"ಶಿವಬಸವ್ವಾ," ಎಂದ, ಇದ್ದಕ್ಕಿದ್ದ ಹಾಗೆ. "ಆಯಿ ನನಗ ಹಬಿ ಕೂಡಸ್ತಿದ್ಲು. ಆವಾಗ ನನ್ನ ಲಿಂಗ ಎಲ್ಲಿತ್ತು?"

"ನನ್ನ ಕೇಳಿದ್ರ? ನಾ ಆವಾಗ ಹುಟ್ಟಿದ್ದಿಲ್ಲ."

ಆ ದಿನವೆಲ್ಲ ಅವನು ಅದನ್ನೇ ಹುಡುಕಿದ. ಎದೆಯ ಮೇಲಂತೂ ಇರಲಾರದು. ಗಡಿಗೆಯ ಹಬೆ ಎದೆಗೇ ಬರುತ್ತಿತ್ತು. ಬಿಚ್ಚಿಟ್ಟಿರಲಾರಳು, ಬಿಚ್ಚಬಾರದು ಎಂದವಳೇ ಅವಳು. ಪೇಟೆಯಲ್ಲಿ ರುಮಾಲಿನ ಕೆಳಗೆ ಕೈ ಕೊಟ್ಟು ಕೂತವನು ಒತ್ತಬೇಕಾದ ಬೆರಳು ಬಿಟ್ಟು ಇನ್ನೊಂದನ್ನು ಒತ್ತಿದ. ಎದುರಿನ ವ್ಯಾಪಾರಿ ಹುಬ್ಬೇರಿಸಿ, "ಸಾವಕಾರ್ರ, ಇವತ್ತ ದಾನಾ ಮಾಡಾಕ ಕುಂತೀರೇನು?" ಎಂದ. ನೆನಪು ಆ ಒಂದು ಕಡೆ ಮಾತ್ರ ಕೌದಿ ಹೊದ್ದುಕೊಂಡು ಕೂತಿತ್ತು.

*

ಎದೆಯ ಬೊಬ್ಬೆ ಆರಿದ ಮೇಲೆ ಶಿವಬಸವ್ವ ತಾನೇ ಟಾಂಗಾ ತರಿಸಿದಳು. "ನಡೀರಿ, ವೈದ್ಯರ ಮುಂದ ಬಿಚ್ಚಿ ಹೇಳೂಣು. ಮುಚ್ಚಿಟ್ಟು ಸುಟಗೊಂಡಿದ್ದು ಸಾಕು," ಎಂದಳು. ತಲೆತುಂಬ ಸೆರಗು ಹೊದ್ದು ಅವನ ಪಕ್ಕದಲ್ಲಿ ಕೂತಳು. ಗೂಳಪ್ಪ ಟಾಂಗಾವಾಲಾನ ಮಗ್ಗುಲಿಗೆ ಹತ್ತಿಕೊಂಡ. ಈ ಸಲ ಅವನು ಪಾಠ ಹೇಳಲಿಲ್ಲ.

ದಿಗಂಬರ ವೈದ್ಯರು ಕಲೆಯನ್ನು ನೋಡಿ ಹಣೆ ಚಚ್ಚಿಕೊಂಡರು.

"ಅಹೋ ಸಿದ್ರಾಮಪ್ಪ! ಇದಕ್ಕೇ ನಾನು ಹೇಳಿದ್ದು. ಭುಜ ಬಿಟ್ಟಿತ್ತಲ್ಲ? ಮತ್ತೆ ಕೂತರೆ ಇನ್ನೂ ಬಿಡುತ್ತದೆ. ನಡುವೆ ನಿಲ್ಲಿಸಿದರೆ ಮತ್ತೆ ಹಿಡಿದುಕೊಳ್ಳುತ್ತದೆ, ಆಮೇಲೆ ನನ್ನ ಹಂಡೆಯೂ ಏನೂ ಮಾಡಲಾರದು. ಆದರೆ ಲೋಹ ಕಟ್ಟಿಕೊಂಡವರನ್ನು ನಾನು ಕೂಡಿಸುವುದಿಲ್ಲ. ಇದು ಹಟವಲ್ಲ, ನನ್ನ ಕಸುಬು."

"ತಿಳಿಯಿತು."

"ತಿಳಿದರೆ ತೆಗೆಯಿರಿ."

ಸಿದ್ರಾಮಪ್ಪನ ಬಲಗೈ ಕರಡಿಗೆಯ ಮೇಲಿತ್ತು, ಎಡಗೈ ಮತ್ತೆ ಜೋಲುಬಿದ್ದಿತ್ತು. ಗೂಳಪ್ಪ ನೆಲ ನೋಡುತ್ತಿದ್ದ. ಶಿವಬಸವ್ವ ಗಂಡನ ಮುಖವನ್ನು ನೋಡುತ್ತಿದ್ದಳು. ಅವನು ಏನೆಂದರೂ ಆ ಕಡೆಗೇ ತಾನು ಎಂಬಂತೆ. ವೈದ್ಯರು ಕಾದರು. ಅವರು ಒಳ್ಳೆಯವರು, ಕಾಯಬಲ್ಲವರು. ಆದರೆ ಹಂಡೆ ಕಾಯುತ್ತಿರಲಿಲ್ಲ, ಕುದಿಯುತ್ತಿತ್ತು.

ಆಗ ಹಿತ್ತಲ ಬಾಗಿಲನ್ನು ಮೊಣಕಾಲಿನಿಂದ ನೂಕಿಕೊಂಡು ಗಂಗೂಬಾಯಿ ಒಳಗೆ ಬಂದಳು. ಪರ್ವತಿ ಗುಡ್ಡದ ಕೆಳಗಿನಿಂದ ಕೊಯ್ದ ಸೊಪ್ಪಿನ ದೊಡ್ಡ ಹೊರೆ ತಲೆಯ ಮೇಲಿತ್ತು. ಬಾಗಿ ಹೊರೆಯನ್ನು ನೆಲಕ್ಕೆ ಕೆಡವಿದಳು. ತಲೆಯ ಮೇಲೆ ಸಿಂಬೆ ಹಾಗೇ ಉಳಿಯಿತು. ಹಳೆಯ ಅರಿವೆಯನ್ನು ಹೊಸೆದು ಬಳೆಯಂತೆ ಸುತ್ತಿದ ಸಿಂಬೆ, ಬೆವರಿಗೆ ಒದ್ದೆಯಾಗಿ, ಒಂದು ಪುಟ್ಟ ಗದ್ದುಗೆಯ ಹಾಗೆ ಅವಳ ನೆತ್ತಿಯ ಮೇಲೆ ಕೂತಿತ್ತು.

ಸಿದ್ರಾಮಪ್ಪ ಅದನ್ನೇ ನೋಡಿದ. ಹಸಿ ಸೊಪ್ಪಿನ ವಾಸನೆ ಚಪ್ಪರವನ್ನು ತುಂಬಿತು. ಕೌದಿ ಸರಿಯಿತು.

ತನ್ನ ನೆತ್ತಿಯ ಮೇಲೆ ಅಜ್ಜಿಯ ಬೆರಳುಗಳು. ಅವಳ ಹಳೆಯ ಸೀರೆಯ ತುಂಡು, ತಣ್ಣೀರಿನಲ್ಲಿ ಅದ್ದಿ ಹಿಂಡಿದ್ದು, ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟಳು. ಅದರ ನಡುವೆ ಅವನ ಪುಟ್ಟ ಲಿಂಗ. ಮೇಲೊಂದು ಪಟ್ಟಿ ಗದ್ದದ ಕೆಳಗೆ ತಂದು ಗಂಟು ಹಾಕಿದಳು. ಹಣೆಯ ಮೇಲೆ ತಣ್ಣೀರು ಇಳಿಯಿತು. "ಬೆವರಾಂವ ನೀ," ಎಂದಳು ಹಲ್ಲಿಲ್ಲದ ಬಾಯಿಂದ. "ಶಿವಾ ಯಾಕ ಬೆವರಬೇಕು? ಅವನ ತಲೀಮ್ಯಾಗ ಗಂಗಿ ಕುಂತಾಳ. ನಿನ್ನ ತಲೀಮ್ಯಾಗ ಅವ ಕೂಡ್ಲಿ."

"ತಲೀಮ್ಯಾಗ," ಎಂದ ಸಿದ್ರಾಮಪ್ಪ. "ಶಿವಬಸವ್ವಾ, ತಲೀಮ್ಯಾಗ ಇತ್ತು. ಆಯಿ ಸಿಂಬಿ ಮಾಡಿ ಕಟ್ಟಿದ್ಲು. ತಲಿ ಹೊರಗನ ಇರ್ತದಲ್ಲ!"

ಶಿವಬಸವ್ವ ಎರಡನೆಯ ಮಾತು ಕೇಳಲಿಲ್ಲ. ಗೂಟದ ಮೇಲಿದ್ದ ಅವನ ರುಮಾಲನ್ನು ತೆಗೆದು, ಹಲ್ಲಿನಿಂದ ಅಂಚು ಕಚ್ಚಿ, ಉದ್ದನೆಯ ಒಂದು ಪಟ್ಟಿ ಹರಿದಳು.

"ಏ ವೈನೀ, ಪೇಟೆ ರುಮಾಲದು!" ಎಂದ ಗೂಳಪ್ಪ. "ಅದರ ಕೆಳಗ ಎಷ್ಟ ವ್ಯಾಪಾರ ಆಗ್ಯಾವ ಗೊತ್ತದನ?"

"ಇನ್ನ ಮ್ಯಾಲೊಂದು ಆಗ್ಲಿ ಬಿಡ್ರಿ."

ಗೂಳಪ್ಪ ಅವಳು ಹೇಳಿದ್ದನ್ನೂ ಸಿದ್ರಾಮಪ್ಪ ಹೇಳಿದ್ದನ್ನೂ ವೈದ್ಯರಿಗೆ ತನ್ನ ಮೆಣಸಿನಕಾಯಿ ಮರಾಠಿಯಲ್ಲಿ ತಿಳಿಸಿದ. ವೈದ್ಯರು ಕೇಳಿಸಿಕೊಂಡು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹಬೆ ಕೂಡುವವರ ತಲೆಗೆ ಹಸಿ ಅರಿವೆ ಕಟ್ಟಬೇಕೆಂದು ನಮ್ಮಲ್ಲೂ ಇದೆ," ಎಂದರು. "ತಲೆ ತಂಪಾಗಿರಬೇಕು. ನಿಮಗೂ ಕಟ್ಟಬೇಕಾಗಿತ್ತು, ಅಂದು ನನ್ನನ್ನು ಯಾರೋ ಕರೆದರು. ಕಟ್ಟಿ, ತಾಯಿ. ಚೆನ್ನಾಗಿ ನೆನೆಸಿ ಕಟ್ಟಿ."

ಶಿವಬಸವ್ವ ಪಟ್ಟಿಯ ಅರ್ಧವನ್ನು ತಣ್ಣೀರಿನಲ್ಲಿ ಅದ್ದಿ, ಸಿಂಬೆ ಸುತ್ತಿ ಅವನ ನೆತ್ತಿಯ ಮೇಲಿಟ್ಟಳು. ಕರಡಿಗೆ ಎದೆಯಿಂದ ನೆತ್ತಿಗೆ ಹೋಗುವಾಗ ಶಿವದಾರ ಅವನ ಗದ್ದ, ತುಟಿ, ಕಣ್ಣು, ಹಣೆಯನ್ನು ಸವರಿಕೊಂಡು ಹೋಯಿತು. ಮೈ ಬಿಡಲಿಲ್ಲ. ಸಿಂಬೆಯ ಬಳೆಯೊಳಗೆ ಅವಳು ಅದನ್ನು ಕೂಡಿಸಿ, ಉಳಿದ ಪಟ್ಟಿಯಿಂದ ಬಿಗಿದು, ಗದ್ದದ ಕೆಳಗೆ ಗಂಟು ಹಾಕಿದಳು. ತಣ್ಣೀರು ಒಂದು ಧಾರೆಯಾಗಿ ಅವನ ಮೂಗಿನ ಮೇಲೆ ಇಳಿಯಿತು.

"ಮದಲಿಂಗ ಕಂಡಂಗ ಕಾಣ್ತಾನ ನೋಡ್ರಿ," ಎಂದ ಗೂಳಪ್ಪ. "ಬಾಸಿಂಗ ಒಂದು ಕಡಿಮಿ."

ಕದ ಮುಚ್ಚಿತು. ಮುಚ್ಚಳದ ಹೋಳುಗಳು ಕುತ್ತಿಗೆಯ ಸುತ್ತ ಕೂಡಿದವು. ಹಬೆ ಪಾದಕ್ಕೆ ಬಂದಾಗ ಸಿದ್ರಾಮಪ್ಪ ಈ ಸಲ ಕಣ್ಣು ಮುಚ್ಚಿ ಮೂಗಿನಿಂದ ಎಳೆದುಕೊಂಡ. ಲಕ್ಕಿ ಸೊಪ್ಪು. ಮೈಯನ್ನು ಸಡಿಲ ಬಿಟ್ಟ. ಮೊಣಕಾಲು ಬೆಚ್ಚಗಾಯಿತು, ತೊಡೆ ಬೆಚ್ಚಗಾಯಿತು, ಸೊಂಟದ ಮಡಿಕೆಗಳಿಂದ ಬೆವರು ಇರುವೆಯ ಸಾಲಿನ ಹಾಗೆ ಹೊರಟಿತು. ಬೆನ್ನು ಹೊಳೆಯ ದಂಡೆಯ ಮರಳಿನ ಮೇಲೆ ಮಲಗಿದಂತಾಯಿತು. ಎಡಭುಜದ ಹಿಂದಿನ ಗಂಟನ್ನು ಯಾರೋ ಅವಸರವಿಲ್ಲದೆ ಬಿಡಿಸುತ್ತಿದ್ದರು. ಕೆಳಗೆ ಅಷ್ಟು ಕಾವು. ಮೇಲೆ, ನೆತ್ತಿಯಲ್ಲಿ, ತಣ್ಣಗಿನ ಒಂದು ಭಾರ.

ಅವನ ತುಟಿ ಅಲುಗಿತು. ಅಜ್ಜಿಯ ಹಬೆಯ ವಚನ. ಎಷ್ಟೋ ವರ್ಷದಿಂದ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹಬೆ ಕೂಡಿಸುವವರಿಲ್ಲದೆ ಅದಕ್ಕೆ ಕೆಲಸವಿರಲಿಲ್ಲ. ಮೊದಲು ಗುಣುಗುಣು ಎಂದಿತು. ಆಮೇಲೆ ಒಂದೊಂದೇ ಸಾಲು, ಅಜ್ಜಿ ಎಳೆಯುತ್ತಿದ್ದ ಎಳೆತದಲ್ಲೇ, ಎಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲೇ ನಿಂತು, ಹೊರಗೆ ಬಂತು. ಗಂಗೂಬಾಯಿ ಒಲೆಗೆ ಕಟ್ಟಿಗೆ ಒಡ್ಡುವ ಕೈ ತಡೆದಳು. ವೈದ್ಯರು ಪಡಸಾಲೆಗೆ ಹೋಗಲು ಎದ್ದವರು ಹೋಗಲಿಲ್ಲ. ಅವರಿಬ್ಬರಿಗೂ ಆ ಭಾಷೆ ಬರುತ್ತಿರಲಿಲ್ಲ.

ನಡುವೆ ಒಂದು ಕಡೆ ಸಾಲು ತಪ್ಪಿತು. ಸಿದ್ರಾಮಪ್ಪ ನಿಂತ. ಹಿಂದಿನ ಸಾಲನ್ನು ಮತ್ತೆ ಹೇಳಿದ, ಮತ್ತೆ ಅದೇ ಅಂಚಿಗೆ ಬಂದು ನಿಂತ. ಮುಂದಿನದು ಅಜ್ಜಿಯ ಜೊತೆಗೇ ಹೋಗಿತ್ತು. ಹಣೆಯಿಂದ ಇಳಿದದ್ದು ಬೆವರೋ, ಸಿಂಬೆಯ ನೀರೋ, ಬೇರೆಯದೋ ತಿಳಿಯದ ಹಾಗೆ ಕೆನ್ನೆಯ ಮೇಲೆ ಹರಿಯಿತು. ಒರೆಸಿಕೊಳ್ಳಲು ಕೈ ಪೆಟ್ಟಿಗೆಯೊಳಗಿತ್ತು.

ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದ ಶಿವಬಸವ್ವ, ಅವನತ್ತ ನೋಡದೆ, ಆ ಸಾಲನ್ನು ಹೇಳಿದಳು. ಅವಳ ಊರು ಬೇರೆ, ಅವಳ ಅಜ್ಜಿ ಬೇರೆ. ರಾಗವೂ ಸ್ವಲ್ಪ ಬೇರೆಯಿತ್ತು. ಅವನು ಹಿಡಿದುಕೊಂಡ. ಉಳಿದದ್ದನ್ನು ಇಬ್ಬರೂ ಹೇಳಿದರು. ಕೊನೆಯ ಸಾಲು ಮುಗಿದಾಗ ವೈದ್ಯರು ಎದ್ದು ಅವನ ಹಣೆಯ ಬೆವರು ನೋಡಿ, "ಬಸ್, ಸಾಕು," ಎಂದರು.

ಶಿವಬಸವ್ವ ಕಂಬಳಿ ಹಿಡಿದು ಎದ್ದು ನಿಂತಿದ್ದಳು. ಗಾಳಿ ತಾಗದ ಹಾಗೆ ಕುತ್ತಿಗೆಯಿಂದ ಪಾದದ ತನಕ ಹೊದಿಸಿದಳು.

*

ಆಮೇಲೆ ಅವನು ಮತ್ತೆ ಮತ್ತೆ ಹೋದ. ಮುಂಗಾರು ಬಂದು ಚಪ್ಪರದ ತಗಡು ಸದ್ದು ಮಾಡತೊಡಗಿದಾಗಲೂ ಹೋದ. ಹೊಸದಾಗಿ ಬಂದವರು ಹೆದರಿ ನಿಂತರೆ ಗಂಗೂಬಾಯಿ ಪೆಟ್ಟಿಗೆಯ ಮೇಲಿನ ತಲೆಯನ್ನು ತೋರಿಸಿ, "ಆ ಕಾನಡಿ ಶೇಟಜಿಯ ಹಾಡು ಮುಗಿಯಲಿ, ಆಮೇಲೆ ನಿಮ್ಮ ಪಾಳಿ," ಎನ್ನುತ್ತಿದ್ದಳು. ಹರಿದ ರುಮಾಲಿನ ಪಟ್ಟಿ ಅಲ್ಲೇ ಗೂಟದ ಮೇಲೆ ಒಣಗುತ್ತಿತ್ತು. ಪೇಟೆಯಲ್ಲಿ ಗಿಡ್ಡಾದ ರುಮಾಲಿನ ಕೆಳಗೆ ವ್ಯಾಪಾರ ನಡೆಯುತ್ತಿತ್ತು.

ಶ್ರಾವಣದ ಮೊದಲ ಸೋಮವಾರ. ಹೊರಗೆ ಜಿನುಗು ಮಳೆ. ಚಾಳಿನ ಕೋಣೆಯಲ್ಲಿ ದೀಪ ಹಚ್ಚಿತ್ತು. ಸಿದ್ರಾಮಪ್ಪ ಮಣೆಯ ಮೇಲೆ ಕೂತು ಕರಡಿಗೆ ತೆರೆದು, ವಸ್ತ್ರ ಬಿಚ್ಚಿದ. ಊರ ಕಡೆಯ ಮಠದಿಂದ ಬಂದ ಅಯ್ಯನವರು ಹೊಸ ಕಂಥೆ ಕಟ್ಟಿಕೊಡುತ್ತೇನೆಂದಿದ್ದರು, ಅವನು ಬೇಡವೆಂದಿದ್ದ. ನೇಯ್ಗೆಯ ಅಚ್ಚು ಹಾಗೇ ಇತ್ತು. ಎಡಗೈಯನ್ನು ಎತ್ತಿದ. ಮೊಣಕೈ ನಡುಗಲಿಲ್ಲ. ಅಂಗೈ ಎದೆಯೆತ್ತರಕ್ಕೆ ಬಂದು, ನೆಟ್ಟಗೆ, ತುಂಬಿದ ಬಟ್ಟಲಿಟ್ಟರೂ ತುಳುಕದ ಹಾಗೆ ನಿಂತಿತು.

ಶಿವಬಸವ್ವ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಎದುರಿಗೆ ಕೂತು, ಪತ್ರಿಯ ತಟ್ಟೆಯನ್ನು ಸರಿಸಿ, ಎಂದಿನಂತೆ ತನ್ನ ಬಲ ಅಂಗೈಯನ್ನು ಅವನ ಕೈಯ ಕೆಳಗೆ ಒಡ್ಡಿದಳು. ಒಡ್ಡಿದ ಮೇಲೆ ನೋಡಿದಳು. ಎರಡು ಅಂಗೈಗಳ ನಡುವೆ ಒಂದು ಬಿಲ್ವದ ಎಲೆ ಆಡುವಷ್ಟು ಜಾಗವಿತ್ತು. ಅವಳ ಕೈ ಹಿಂದಕ್ಕೆ ಹೊರಟಿತು.

"ಇರ್ಲಿ," ಎಂದ ಸಿದ್ರಾಮಪ್ಪ, ಲಿಂಗದಿಂದ ಕಣ್ಣು ಕೀಳದೆ.

ಬಲಗೈಯಿಂದ ಚೆಂಬು ಎತ್ತಿ ನೀರೆರೆದ. ನೀರು ಲಿಂಗವನ್ನು ತೊಳೆದು, ನೇಯ್ಗೆಯ ಗೆರೆಗಳಲ್ಲಿ ಒಂದು ಕ್ಷಣ ನಿಂತು, ಅವನ ಬೆರಳುಗಳ ಸಂದಿಯಿಂದ ಇಳಿದು ಕೆಳಗಿನ ಅಂಗೈಯಲ್ಲಿ ಹನಿ ಹನಿಯಾಗಿ ತುಂಬತೊಡಗಿತು.